ಪದಚರ್ಚೆ: ‘ಚೀಫ್‌ಡಮ್’ಗೆ ಪಾಳೆಯಪಟ್ಟು ಅನ್ನಬಹುದೇ? ‘ಸ್ಟೇಟ್’ಗೆ ರಾಜ್ಯವೋ ಪ್ರಭುತ್ವವೋ?

ಗೆಳೆಯರೇ,

ಪುರಾತತ್ವಜ್ಞೆ ಜಾಯ್ಸ್ ಮಾರ್ಕಸ್ ಅವರ ಕೆಲಸದ ಬಗ್ಗೆ ಕನ್ನಡದಲ್ಲಿ ಒಂದು ಉದ್ದನೆಯ ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳು ದಾರಿ ಕೊಡುತ್ತಿಲ್ಲ. ಅದರಲ್ಲೂ ‘ಚೀಫ್‌ಡಮ್’, ಅಂದರೆ ರಾಜ ಅನ್ನುವವನು ಹುಟ್ಟುವ ಮುಂಚೆ ಹಲವು ಹಳ್ಳಿಗಳು ಒಂದು ಊರಿನ ಹಿರಿಯರ ಮಾತು ಕೇಳುತ್ತಿದ್ದ ವ್ಯವಸ್ಥೆ. ನಿಘಂಟಿನ ಅರ್ಥ ನನ್ನ ಹತ್ತಿರ ಇದೆ. ನನಗೆ ಬೇಕಿರುವುದು ಬಳಕೆ. ಆ ಪದ ಓದಿದಾಗ ಕನ್ನಡದ ಓದುಗರಿಗೆ ಏನು ಹೊಳೆಯುತ್ತದೆ ಅನ್ನೋದು.

ಮಾರ್ಕಸ್ ಯಾರು ಅಂತ ಮೊದಲು ಹೇಳಿಬಿಡುತ್ತೇನೆ. 1948ರಲ್ಲಿ ಹುಟ್ಟಿದವರು. 1974ರಲ್ಲಿ ಹಾರ್ವರ್ಡ್‌ನಿಂದ ಪಿಎಚ್‌ಡಿ ಪಡೆದರು. ಪಾಠ, ಸಂಶೋಧನೆ ಎಲ್ಲ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ. 1997ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್‌ಗೆ ಆಯ್ಕೆಯಾದರು. ಶುರು ಮಾಡಿದ್ದು ಮೆಕ್ಸಿಕೋ, ಗ್ವಾಟೆಮಾಲ ಕಡೆಯ ಹಳೆಯ ಮಾಯಾ ಜನರ ಶಾಸನಗಳಿಂದ. ಮಾಯಾ ರಾಜಧಾನಿಗಳಿಗೆ ಒಂದೊಂದು ಗುರುತಿನ ಬರಹ ಇತ್ತು ಅಂತ ಹೈನ್ರಿಕ್ ಬರ್ಲಿನ್ 1958ರಲ್ಲೇ ತೋರಿಸಿದ್ದರು. ಮಾರ್ಕಸ್ ಅದರ ಮೇಲೆ ಕೇಳಿದ ಪ್ರಶ್ನೆ ಸರಳವಾದದ್ದು: ಯಾವ ಊರು ಯಾವ ಊರಿನ ಹೆಸರು ಕೆತ್ತಿಕೊಂಡಿದೆ? ಚಿಕ್ಕ ಊರುಗಳು ದೊಡ್ಡ ಊರಿನ ಗುರುತನ್ನು ಕೆತ್ತಿಕೊಳ್ಳುತ್ತವೆ, ದೊಡ್ಡ ಊರು ತನ್ನ ಕೈಕೆಳಗಿನ ಊರಿನ ಹೆಸರೆತ್ತುವುದು ಕಡಿಮೆ. ಈ ಒಂದು ಎಳೆ ಹಿಡಿದು ಯಾರು ಯಾರಿಗೆ ತಲೆಬಾಗಿದ್ದರು ಅಂತ ಬಿಡಿಸುತ್ತಾ ಹೋದರು. ಎಷ್ಟು ಚೆಂದದ ಯೋಚನೆ ಅಲ್ವಾ!

ನನ್ನ ತೊಡಕು ಬರುವುದು ಅವರ ಇನ್ನೊಂದು ದೊಡ್ಡ ಕೆಲಸದಲ್ಲಿ, ಮೆಕ್ಸಿಕೋದ ವಹಾಕ ಕಣಿವೆಯಲ್ಲಿ. ಅಲ್ಲಿ ಪತಿ ಕೆಂಟ್ ಫ್ಲ್ಯಾನರಿ 1966ರಿಂದ ಅಗೆತ ನಡೆಸುತ್ತಿದ್ದರು. ಇಬ್ಬರೂ ಸೇರಿ ಸಾನ್ ಹೊಸೆ ಮೊಗೋತೆ ಅನ್ನುವ ಊರನ್ನು ವರ್ಷಗಟ್ಟಲೆ ಅಗೆದರು. ಕ್ರಿ.ಪೂ. 1000ದ ಸುಮಾರಿಗೆ ಆ ಊರಿನವರು ಕಬ್ಬಿಣದ ಅದಿರನ್ನು ಉಜ್ಜಿ ಪುಟ್ಟ ಕನ್ನಡಿ ಮಾಡುತ್ತಿದ್ದರು. ಅವು ದೂರದ ಗಲ್ಫ್ ಕರಾವಳಿಯ ಓಲ್ಮೆಕ್ ಜನರ ಊರುಗಳವರೆಗೂ ಹೋಗುತ್ತಿದ್ದವು. ಕೆಲವು ಮನೆತನಗಳು ಹುಟ್ಟಿನಿಂದಲೇ ಮೇಲು ಅನ್ನುವ ಭಾವನೆ ಬೇರೂರಿತ್ತು. ಸುತ್ತಲಿನ ಹಳ್ಳಿಗಳು ಈ ಊರಿನ ಮಾತು ಕೇಳುತ್ತಿದ್ದವು. ಆದರೆ ರಾಜ ಇಲ್ಲ, ಅರಮನೆ ಇಲ್ಲ, ಅಧಿಕಾರಿಗಳಿಲ್ಲ. ಕಣಿವೆಗೆ ಮೂರು ಕವಲು. ಬೇರೆ ಕವಲುಗಳಲ್ಲೂ ಇಂಥವೇ ಗುಂಪುಗಳು, ಪರಸ್ಪರ ಸುಡುತ್ತಾ ಕಾದಾಡುತ್ತಾ ಇದ್ದವು. ಯಾರ ಮೇಲೂ ಇನ್ನೊಬ್ಬ ಯಜಮಾನ ಇಲ್ಲ.

ಇದೇ ಚೀಫ್‌ಡಮ್. ಇದಕ್ಕೆ ಕನ್ನಡದಲ್ಲಿ ಏನು ಹೇಳೋಣ?

ಒಂದು ಅನುವಾದದಲ್ಲಿ ‘ಪಾಳೆಯಪಟ್ಟು’ ಅಂತ ನೋಡಿದೆ. ಕಿವಿಗೆ ಹಿತವಾಗಿದೆ, ಆದರೆ ನನಗೆ ಒಪ್ಪಿಗೆಯಿಲ್ಲ. ಪಾಳೆಯಗಾರ ಅಂದರೆ ಮೇಲೊಬ್ಬ ದೊರೆ ಇದ್ದವನು ಅಥವಾ ಆ ದೊರೆ ಬಿದ್ದ ಮೇಲೆ ತಲೆ ಎತ್ತಿದವನು. ವಿಜಯನಗರ 1565ರಲ್ಲಿ ಪೆಟ್ಟು ತಿನ್ನದೆ ಇದ್ದಿದ್ದರೆ ನಮ್ಮ ಪಾಳೆಯಗಾರರ ಕತೆಯೇ ಬೇರೆ ಇರುತ್ತಿತ್ತು. ಅಂದರೆ ಈ ಪದದ ಬೆನ್ನಿಗೆ ಒಂದು ಸಾಮ್ರಾಜ್ಯ ಅಂಟಿಕೊಂಡಿದೆ. ‘ನಾಯಕತನ’ ಅಂದರೂ ಅದೇ ಪಾಡು, ಅಮರನಾಯಕ ಅರಸನಿಂದ ಭೂಮಿ ಪಡೆದವನು. ‘ಗೌಡಿಕೆ’ ಕಂದಾಯ ಎತ್ತುವ ಹುದ್ದೆ, ಕಂದಾಯ ಮೇಲಕ್ಕೆ ಹೋಗಬೇಕು. ‘ಸಾಮಂತ’, ‘ಮಾಂಡಲಿಕ’ ಬಗ್ಗೆ ಹೇಳುವುದೇ ಬೇಡ. ನೋಡುತ್ತಾ ಹೋದರೆ ಚಿಕ್ಕ ಯಜಮಾನನಿಗೆ ನಮ್ಮಲ್ಲಿರುವ ಪದಗಳೆಲ್ಲ ಮೇಲೊಬ್ಬ ರಾಜನನ್ನು ಒಪ್ಪಿಕೊಂಡೇ ಹುಟ್ಟಿದ ಹಾಗಿವೆ. ಮಾರ್ಕಸ್ ಹೇಳುತ್ತಿರುವುದು ರಾಜ ಅನ್ನುವವನು ಆ ನೆಲದಲ್ಲಿ ಇನ್ನೂ ಹುಟ್ಟದೇ ಇದ್ದ ಕಾಲದ ಮಾತು. ಪದ ತಪ್ಪಿದರೆ ಇಡೀ ವಾದವೇ ತಲೆಕೆಳಗಾಗುತ್ತದೆ.

ಕುತೂಹಲದ ಸಂಗತಿ ಏನಂದರೆ ‘ಪಾಳೆಯಪಟ್ಟು’ ಅವರ ಬರಹದಲ್ಲೇ ಬೇರೆ ಕಡೆ ಚೆನ್ನಾಗಿ ಕೂರುತ್ತದೆ. 1990ರ ದಶಕದಲ್ಲಿ ಮಾರ್ಕಸ್ ಒಂದು ಮಾದರಿ ಮುಂದಿಟ್ಟರು. ಮೊದಲ ಸ್ಟೇಟ್‌ಗಳು ಹುಟ್ಟಿದ ಸ್ವಲ್ಪ ಕಾಲಕ್ಕೇ ಅತಿ ದೊಡ್ಡದಾಗಿ ಹರಡುತ್ತವೆ, ಆಮೇಲೆ ಅಂಚಿನ ಪ್ರಾಂತ್ಯಗಳು ಕಳಚಿಕೊಳ್ಳುತ್ತವೆ, ಮತ್ತೆ ಯಾರೋ ಒಟ್ಟುಗೂಡಿಸುತ್ತಾರೆ, ಹೀಗೆ ಏರಿಳಿತ ನಡೆಯುತ್ತದೆ ಅನ್ನೋದು ಅದರ ತಿರುಳು. ಮಾಯಾ, ಸಾಪೊತೆಕ್ (ವಹಾಕ ಕಣಿವೆಯ ಜನ), ಆಂಡೀಸ್, ಮೆಸೊಪೊಟೇಮಿಯ ಎಲ್ಲಕ್ಕೂ ಹಚ್ಚಿ ನೋಡಿದರು. ವಹಾಕದ ದೊಡ್ಡ ರಾಜಧಾನಿ (ಮೊಂತೆ ಆಲ್ಬಾನ್, ಅದರ ಕತೆ ಮುಂದೆ ಇದೆ) ಬಿದ್ದ ಮೇಲೆ ಸಾಚಿಲ, ಮಿತ್ಲ ಮೊದಲಾದ ಕಡೆ ಉಳಿದ ಚಿಕ್ಕ ಚಿಕ್ಕ ಒಡೆತನಗಳಿಗೆ ‘ಪಾಳೆಯಪಟ್ಟು’ ಅಂದರೆ ಯಾರ ತಕರಾರೂ ಇರಬಾರದು. ಹಾಗಾಗಿ ಆ ಪದವನ್ನು ಅಲ್ಲಿಗೇ ಕಾದಿಡಬೇಕು ಅಂತ ನನ್ನ ವಾದ.

ನನಗೆ ಹೊಳೆದದ್ದು ‘ದೊಡ್ಡಮನೆತನ’. ಹಳ್ಳಿಗಳಲ್ಲಿ ದೊಡ್ಮನೆಯವರು ಅಂತೀವಿ. ಹುಟ್ಟಿನಿಂದ ಬಂದ ಮೇಲ್ಮೆ, ಸುತ್ತಲಿನವರು ಕೊಡುವ ಮರ್ಯಾದೆ, ಪಂಚಾಯ್ತಿಕೆಯ ಹಕ್ಕು ಎಲ್ಲ ಅದರಲ್ಲಿ ಬರುತ್ತದೆ. ರಾಜನ ನೆರಳು ಇಲ್ಲ. ತೊಂದರೆ ಇಷ್ಟೇ, ಈಗ ಸಿನಿಮಾ ಪುಟಗಳಲ್ಲಿ ಈ ಪದಕ್ಕೆ ಬೇರೆಯೇ ಅರ್ಥ ಕೂತುಬಿಟ್ಟಿದೆ. ‘ಕುಲದೊಡೆತನ’ ಅಂದರೆ ಹೇಗೆ? ಕುಲ ಅಂದ ತಕ್ಷಣ ಜಾತಿಯ ಕಡೆ ಮನಸ್ಸು ಹೋಗುತ್ತದೆ ಅನ್ನೋ ಅಳುಕಿದೆ. ‘ಬುಡಕಟ್ಟು’ ಬೇಡ, ಅದು ‘ಟ್ರೈಬ್’ಗೆ ಆಗಲೇ ನಿಂತುಹೋಗಿದೆ. ಮಾನವಶಾಸ್ತ್ರದವರು ಎರಡನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ.

ಇನ್ನು ‘ಸ್ಟೇಟ್’. ಕ್ರಿ.ಪೂ. 500ರ ಸುಮಾರಿಗೆ ಸಾನ್ ಹೊಸೆ ಮೊಗೋತೆಯ ಜನ ಹೆಚ್ಚುಕಡಿಮೆ ಖಾಲಿ ಮಾಡಿಕೊಂಡು ಹೋಗುತ್ತಾರೆ. ಕಣಿವೆಯ ನಡುವೆ ಸುಮಾರು 400 ಮೀಟರ್ ಎತ್ತರದ ಗುಡ್ಡದ ಮೇಲೆ ಮೊಂತೆ ಆಲ್ಬಾನ್ ಅನ್ನುವ ಹೊಸ ಊರು ಏಳುತ್ತದೆ. ಇನ್ನೂರು ವರ್ಷದೊಳಗೆ ಅಲ್ಲಿ ಸುಮಾರು 5000 ಜನ ಇದ್ದರು ಅಂತ ಅಂದಾಜು. ನೀರಿಲ್ಲದ ಗುಡ್ಡ ಹತ್ತಿದ್ದು ರಕ್ಷಣೆಗೆ ಅನ್ನೋದು ಮಾರ್ಕಸ್ ಮತ್ತು ಫ್ಲ್ಯಾನರಿ ವಾದ. ದಕ್ಷಿಣದ ಕವಲಿನ ತಿಲ್ಕಾಹೇತೆಯವರು ಬಹಳ ಕಾಲ ಬಗ್ಗಲಿಲ್ಲ. ಅಲ್ಲಿ ಪುರಾತತ್ವಜ್ಞರಾದ ಚಾರ್ಲ್ಸ್ ಸ್ಪೆನ್ಸರ್ ಮತ್ತು ಎಲ್ಸಾ ರೆಡ್ಮಂಡ್ 1990ರ ದಶಕದಿಂದ ಅಗೆದು, ಕ್ರಿ.ಪೂ. 300–100ರ ಅರಮನೆಯೊಂದನ್ನು ಹೊರತೆಗೆದರು. ಕೊನೆಗೆ ಆ ಊರೂ ಸುಟ್ಟುಹೋಗಿ, ಇಡೀ ಕಣಿವೆ ಮೊಂತೆ ಆಲ್ಬಾನ್ ಕೈಗೆ ಬಂತು.

ಇದನ್ನು ‘ರಾಜ್ಯದ ಹುಟ್ಟು’ ಅಂತ ಬರೆದರೆ ಒಂದಷ್ಟು ಜನ ನವೆಂಬರ್ 1 ಅಂದುಕೊಳ್ಳುತ್ತಾರೆ. ಅದು ಹೋಗಲಿ, ಸಂದರ್ಭದಿಂದ ಗೊತ್ತಾಗುತ್ತದೆ. ಆದರೆ ‘ರಾಜ್ಯ’ದೊಳಗೆ ರಾಜ ಕೂತಿದ್ದಾನೆ. ಈಗಿನ ಮೆಕ್ಸಿಕೋ ಸಿಟಿಯ ಹತ್ತಿರದ ಹಳೆಯ ನಗರ ತೆಯೊತಿವಾಕಾನ್ ದೊಡ್ಡ ಸ್ಟೇಟ್, ಆದರೂ ಅಲ್ಲಿ ಒಬ್ಬನೇ ರಾಜ ಆಳುತ್ತಿದ್ದನೇ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಪುರಾತತ್ವಜ್ಞೆ ಲಿಂಡಾ ಮಂಜನಿಯಾ ಅವರಂತೂ ನಾಲ್ವರು ಸೇರಿ ಆಳುತ್ತಿದ್ದರು ಅನ್ನುತ್ತಾರೆ. ಹಾಗಾಗಿ ‘ಪ್ರಭುತ್ವ’ ಮೇಲು ಅಂತ ನನ್ನ ಒಲವು. ಅದಕ್ಕೂ ಒಂದು ಕೊರತೆ ಇದೆ. ‘ಪ್ರಭುತ್ವ’ ಅಧಿಕಾರವನ್ನು ಹೇಳುತ್ತದೆ, ನೆಲವನ್ನು ಹೇಳುವುದಿಲ್ಲ. ‘ರಾಜ್ಯದ ಗಡಿ’ ಸಲೀಸು, ‘ಪ್ರಭುತ್ವದ ಗಡಿ’ ಎಡವುತ್ತದೆ. ಮೊಂತೆ ಆಲ್ಬಾನಿನ ಕತೆಯಲ್ಲಿ ನೆಲ ಗೆಲ್ಲುವುದೇ ಮುಖ್ಯ. ಒಂದೇ ಲೇಖನದಲ್ಲಿ ಅಧಿಕಾರಕ್ಕೆ ಪ್ರಭುತ್ವ, ನೆಲಕ್ಕೆ ರಾಜ್ಯ ಅಂತ ಎರಡನ್ನೂ ಬಳಸಿದರೆ ಓದುಗರಿಗೆ ಗೊಂದಲ ಆಗುತ್ತದೆಯೇ?

ಇನ್ನು ಕೆಲವು ಚಿಕ್ಕವು. ಸ್ಟೇಟ್ ಇತ್ತು ಅನ್ನೋದಕ್ಕೆ ಪುರಾತತ್ವದವರು ನೋಡುವ ಗುರುತುಗಳಲ್ಲಿ ಒಂದು, ಊರುಗಳು ಗಾತ್ರದಲ್ಲಿ ನಾಲ್ಕು ಮಟ್ಟಗಳಾಗಿ ಇರುವುದು. ಚೀಫ್‌ಡಮ್‌ನಲ್ಲಿ ಎರಡೋ ಮೂರೋ ಮಟ್ಟ. ಇದಕ್ಕೆ ‘ಸ್ತರ’ ಅಂತ ಬರೆಯುವುದು ಜಾಸ್ತಿ, ಆದರೆ ಅಗೆತದ ಲೇಖನದಲ್ಲಿ ಸ್ತರ ಅಂದರೆ ಮಣ್ಣಿನ ಪದರ. ‘ಹಂತ’ ಅಂದರೆ ಕಾಲದ ಹಂತ ಅನ್ನಿಸುತ್ತದೆ. ನಾನು ‘ಮೆಟ್ಟಿಲು’ ಅಂತ ಇಟ್ಟುಕೊಂಡು ರಾಜಧಾನಿ, ಪಟ್ಟಣ, ಊರು, ಹಟ್ಟಿ ಅಂತ ಬರೆದಿದ್ದೇನೆ. ಇಲ್ಲಿ ಕನ್ನಡ ಸುಮ್ನೆ ತಾನಾಗಿ ಒದಗಿಬಂತು.

‘ಮೆಸೊಅಮೆರಿಕ’ಕ್ಕೆ ‘ಮಧ್ಯ ಅಮೆರಿಕ’ ಅಂತ ಬರೆಯಬೇಡಿ ಅಂತಲೂ ಕೇಳಿಕೊಳ್ಳುತ್ತೇನೆ. ಮೆಸೊಅಮೆರಿಕ ಅನ್ನೋದು ಪೌಲ್ ಕಿರ್ಖೋಫ್ 1943ರಲ್ಲಿ ಗುರುತಿಸಿದ ಸಂಸ್ಕೃತಿಯ ಪ್ರದೇಶ. ಅದರ ದೊಡ್ಡ ಪಾಲು ಮೆಕ್ಸಿಕೋದಲ್ಲೇ ಇದೆ, ಪನಾಮ ಅದರಲ್ಲಿ ಇಲ್ಲವೇ ಇಲ್ಲ.

ಮೊಂತೆ ಆಲ್ಬಾನಿನಲ್ಲಿ 300ಕ್ಕೂ ಹೆಚ್ಚು ಕೆತ್ತಿದ ಕಲ್ಲುಗಳಿವೆ. ಸ್ಪ್ಯಾನಿಷ್‌ನಲ್ಲಿ ಅವಕ್ಕೆ ‘ದಾನ್ಸಾಂತೆಸ್’ ಅಂತ ಹೆಸರು ಬಿದ್ದಿದೆ, ಅಂದರೆ ಕುಣಿಯುವವರು. ಮಾರ್ಕಸ್ ಮೊದಲಾದವರ ಪ್ರಕಾರ ನಿಜದಲ್ಲಿ ಅವರು ಕೊಂದ ಸೆರೆಯಾಳುಗಳು, ಬೆತ್ತಲೆ, ಕಣ್ಣು ಮುಚ್ಚಿದವರು. ಸಾನ್ ಹೊಸೆ ಮೊಗೋತೆಯಲ್ಲಿ ಇಂಥ ಒಂದು ಕಲ್ಲು ಸಿಕ್ಕಿದ್ದು ಹೊಸ್ತಿಲಲ್ಲಿ, ಬರುವವರೆಲ್ಲ ಅವನನ್ನು ತುಳಿದೇ ಒಳಗೆ ಹೋಗುವಂತೆ. ಅವನ ಕಾಲುಗಳ ನಡುವೆ ‘1 ಭೂಕಂಪ’ ಅಂತ ಪಂಚಾಂಗದ ದಿನದ ಹೆಸರು ಇದೆ. ಹುಟ್ಟಿದ ದಿನವೇ ಅಲ್ಲಿ ಹೆಸರಾಗುತ್ತಿತ್ತು. ಮಾರ್ಕಸ್ ಇದನ್ನು ಸುಮಾರು ಕ್ರಿ.ಪೂ. 600ಕ್ಕೆ ಹಾಕುತ್ತಾರೆ, ಅಷ್ಟು ಹಳೆಯದಲ್ಲ ಅನ್ನುವವರೂ ಇದ್ದಾರೆ. ಒಬ್ಬರು ಇದಕ್ಕೆ ‘ವೀರಗಲ್ಲು’ ಅನ್ನಿ ಅಂದರು. ಆಗದು. ವೀರಗಲ್ಲು ನಮ್ಮವನಿಗೆ ನಾವು ನಿಲ್ಲಿಸುವ ಗೌರವ, ಇದು ಶತ್ರುವಿಗೆ ಮಾಡಿದ ಅವಮಾನ. ‘ಸೆರೆಯಾಳುಗಲ್ಲು’ ಅಂದರೆ ಸಾಕು ಅನ್ನಿಸುತ್ತದೆ.

ಕೊನೆಯದಾಗಿ ಶಾಸನ ಓದುವವರಿಗೆ ಒಂದು ಕೋರಿಕೆ. 1578ರಲ್ಲಿ ಹುವಾನ್ ದೆ ಕೊರ್ದೊವಾ ಅನ್ನುವ ಪಾದ್ರಿ ಸಾಪೊತೆಕ್ ಪದಕೋಶ ಅಚ್ಚು ಹಾಕಿಸಿದ್ದರು. ಒಡೆಯನಿಗೆ ‘ಕೊಕಿ’ ಅನ್ನುವ ಪದ ಅದರಲ್ಲಿದೆ. ಮಾರ್ಕಸ್ ಇಂಥ ಹಳೆಯ ಬರಹಗಳನ್ನು ಅಗೆತದ ಜೊತೆ ಇಟ್ಟು ಓದುತ್ತಾರೆ. ನಮ್ಮ ಹಳಗನ್ನಡ ಶಾಸನಗಳಲ್ಲಿ ಗಾವುಂಡ, ನಾಳ್ಗಾವುಂಡ ಸಿಗುತ್ತಾರೆ, ಆದರೆ ಆಳುವ ಅರಸನ ಹೆಸರು ಬಂದ ಮೇಲೇ ಅವರ ಸರದಿ. ಅರಸನ ಹಂಗಿಲ್ಲದೆ ಒಂದು ಸೀಮೆಗೆ ಹಿರಿಯನಾದವನನ್ನು ಹೇಳುವ ಪದ ಶಾಸನದಲ್ಲಾಗಲಿ, ಜನಪದ ಕಾವ್ಯದಲ್ಲಾಗಲಿ, ಕೊಡಗು ತುಳುನಾಡಿನ ಕಡೆಯ ಮಾತಿನಲ್ಲಾಗಲಿ ಯಾರಾದರೂ ಕಂಡಿದ್ದೀರಾ? ಸಾಲಿನ ಸಮೇತ ಬರೆದು ತಿಳಿಸಿ.