ಪದಚರ್ಚೆ: ಇಂಗ್ಲೆಂಡಿನ ಹಳ್ಳಿಯ ‘ಕ್ಯಾರಿಯರ್’ಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಹಳ್ಳಿಗಾಡಿನ ಸಾರಿಗೆಯ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ರೈಲು, ಬಸ್ಸುಗಳ ಭಾಗ ಸಲೀಸಾಗಿ ಮುಗಿಯಿತು. ತೊಡಕಾಗಿರುವುದು ‘ಕ್ಯಾರಿಯರ್’ ಎಂಬ ಕಸುಬುದಾರನದು. ಹಾಗೆಯೇ ಬರೆದರೆ ನಮ್ಮ ಓದುಗರಿಗೆ ನೆನಪಾಗುವುದು ಊಟದ ಡಬ್ಬಿ, ಇಲ್ಲವೇ ಸೈಕಲ್ಲಿನ ಹಿಂದಿನ ಸೀಟು.

ಹತ್ತೊಂಬತ್ತನೆಯ ಶತಮಾನದಲ್ಲಿ ಲೆಸ್ಟರ್‌ಷೈರ್‌ನಂಥ ಸೀಮೆಯ ಹಳ್ಳಿಗಳಲ್ಲಿ ಇಂಥವನೊಬ್ಬ ಇರುತ್ತಿದ್ದ. ಕಮಾನು ಬಗ್ಗಿಸಿ ಕಿತ್ತಾನು ಹೊದಿಸಿದ ಕುದುರೆಗಾಡಿ ಅವನದು. ಸಂತೆಯ ದಿನ ಪೇಟೆಗೆ ಹೊರಡುತ್ತಿದ್ದ. ಅಲ್ಲಿ ಗೊತ್ತಾದ ಒಂದು ಪಾನಗೃಹದ ಅಂಗಳವೇ ಅವನ ನಿಲ್ದಾಣ. ಯಾವ ಹಳ್ಳಿಯ ಗಾಡಿ, ಯಾವ ವಾರ, ಯಾವ ಅಂಗಳ ಎಂಬುದನ್ನು ಕೆಲ್ಲಿಯ ಡೈರೆಕ್ಟರಿಗಳು, ಅಂದರೆ ಊರೂರಿನ ಕಸುಬುದಾರರ ವಿಳಾಸಪಟ್ಟಿಯ ಪುಸ್ತಕಗಳು, ಅಚ್ಚು ಹಾಕುತ್ತಿದ್ದವು. ಹೋಗುವಾಗ ಬೆಣ್ಣೆ, ಮೊಟ್ಟೆ, ಕೋಳಿ. ಬರುವಾಗ ಔಷಧಿ, ದಿನಸಿ, ಬಟ್ಟೆ. ಮೂಟೆಗಳ ನಡುವೆ ಜಾಗ ಉಳಿದರೆ ಜನ. ಏರು ಬಂತೆಂದರೆ ಕಾಸು ಕೊಟ್ಟು ಕುಳಿತವರೂ ಇಳಿದು ನಡೆಯಬೇಕು! ಬಟ್ಟೆಯ ಚೂರು ಕೊಟ್ಟು ‘ಇದಕ್ಕೊಪ್ಪುವ ದಾರ ತಾ’ ಎಂದರೆ ಅಂಗಡಿಗೆ ಹೋಗಿ ಬಣ್ಣ ಹೊಂದಿಸಿ ತರುವುದೂ ಅವನದೇ ಹೊಣೆ.

ರೈಲು ಬಂದ ಮೇಲೆ ಈ ಕಸುಬು ಅಳಿಯಲಿಲ್ಲ. ರೈಲು ಸರಕನ್ನು ಪೇಟೆಯಲ್ಲಿ ಇಳಿಸುತ್ತಿತ್ತು, ಹಳ್ಳಿಗೆ ಮುಟ್ಟಿಸಲು ಇವನೇ ಬೇಕಿತ್ತು. ಮೊದಲ ಮಹಾಯುದ್ಧದ ನಂತರ ಸೈನ್ಯ ಮಾರಿದ ಲಾರಿಗಳ ಮೇಲೆ ಬಸ್ಸಿನ ಮೈ ಕೂರಿಸಿದವರು ಇವನ ಗಿರಾಕಿಗಳನ್ನು ಸೆಳೆದರು. ಕೆಲವು ಕ್ಯಾರಿಯರ್‌ಗಳು ತಾವೇ ಮೋಟಾರು ಕೊಂಡು ಬಸ್ ಮಾಲೀಕರಾದರು. 1930ರ ರಸ್ತೆ ಸಂಚಾರ ಕಾಯ್ದೆ ಬಸ್ಸುಗಳಿಗೆ ಮಾರ್ಗದ ಪರವಾನಗಿ ಕಡ್ಡಾಯ ಮಾಡಿತು.

ಇನ್ನು ಪದ. ‘ಗಾಡಿಯವನು’ ಎಂದರೆ ಯಾರೂ ಆಗಬಹುದು. ‘ಸಾಗಣೆದಾರ’ ಟೆಂಡರ್ ಪ್ರಕಟಣೆಯಿಂದ ಎದ್ದು ಬಂದಂತಿದೆ. ‘ವಾಹಕ’ವನ್ನು ವಿದ್ಯುತ್ತಿನವರೂ ರೋಗಶಾಸ್ತ್ರದವರೂ ಆಗಲೇ ಹಂಚಿಕೊಂಡಿದ್ದಾರೆ. ‘ಹೇರು’ ಒಳ್ಳೆಯ ಮಾತೇ, ಆದರೆ ಅದನ್ನು ಇದಕ್ಕೂ ಹಿಂದಿನ ಕಾಲಕ್ಕೆ, ಬೆನ್ನಮೇಲೆ ಸರಕು ಹೊತ್ತ ಕುದುರೆಗಳಿಗೆ ಮೀಸಲಿಟ್ಟಿದ್ದೇನೆ: ‘ಹೇರುಗುದುರೆ’. ಅವು ದಾಟುತ್ತಿದ್ದ ಕಿರಿದಾದ ಕಲ್ಲುಸೇತುವೆಗಳಿಗೆ ಪಕ್ಕದ ಗೋಡೆ ತೀರ ಗಿಡ್ಡ, ಇಬ್ಬದಿಗೆ ತೂಗುವ ಹೇರು ತಾಗಬಾರದಲ್ಲ.

ನನಗೆ ಹಿಡಿಸಿರುವುದು ‘ಸಂತೆಗಾಡಿ’, ‘ಸಂತೆಗಾಡಿಯವನು’. ಆದರೆ ಸ್ವಂತ ಗಾಡಿಯಲ್ಲಿ ಸಂತೆಗೆ ಹೋಗುವ ರೈತನದೂ ಸಂತೆಗಾಡಿಯೇ. ಇವನು ಕೂಲಿಗೆ, ಗೊತ್ತಾದ ದಿನ, ಗೊತ್ತಾದ ದಾರಿಯಲ್ಲಿ ಹೋಗುವವನು. ‘ವಾರದ ಗಾಡಿ’ ಎಂದರೆ ಪಾಲಿಗೆ ಕೊಟ್ಟ ಗಾಡಿ ಎಂದು ಯಾರಾದರೂ ಅರ್ಥ ಮಾಡಿಯಾರು. ಪೇಟೆಯ ಕೆಲಸಗಳನ್ನು ಊರವರ ಪರವಾಗಿ ಮುಗಿಸಿ ಬರುವ ಗಾಡಿಯವನಿಗೆ ನಿಮ್ಮ ಸೀಮೆಯಲ್ಲಿ ಬೇರೆ ಹೆಸರಿತ್ತೇ? ಮಲೆನಾಡಿನವರೂ ಉತ್ತರ ಕರ್ನಾಟಕದವರೂ ದಯವಿಟ್ಟು ಹೇಳಿ.

ಜೊತೆಗೇ ಇನ್ನೊಂದು. ರಸ್ತೆಗೆ ಅಡ್ಡಗಟ್ಟಿ ಹಣ ವಸೂಲು ಮಾಡುತ್ತಿದ್ದ ‘ಟರ್ನ್‌ಪೈಕ್’ಗೆ ‘ಸುಂಕದ ಕಟ್ಟೆ’ ಎಂದು ಬರೆದಿದ್ದೇನೆ. ಸುಂಕ ಬೀಳುವುದು ಸರಕಿನ ಮೇಲೆ; 1663ರ ಕಾಯ್ದೆಯಂತೆ ಹರ್ಟ್‌ಫರ್ಡ್‌ಷೈರ್‌ನ ವೇಡ್ಸ್‌ಮಿಲ್‌ನಲ್ಲಿ ಶುರುವಾದ ವಸೂಲಿ ರಸ್ತೆಯ ದುರಸ್ತಿಗಾಗಿ ಕುದುರೆ, ಗಾಡಿ, ದನಗಳ ಮೇಲೆ ಬಿದ್ದದ್ದು. ‘ದಾರಿಸುಂಕದ ಕಟ್ಟೆ’ ಎಂದರೆ ಸಾಕೇ, ‘ಟೋಲ್ ಗೇಟ್’ ಎಂದೇ ಬಿಡೋಣವೇ?