ಕಲಬುರಗಿ ಬಿಸಿಲು, ಮೂರು ತಿಂಗಳ ಕೂಸು: ನಿಮ್ಮ ಮನೆಯಲ್ಲಿ ಏನೇನಾಯಿತು?

ಎಲ್ಲರಿಗೂ ನಮಸ್ಕಾರ. ಬಾಣಂತನ ಮುಗಿಸಿ ತವರಿನಿಂದ ಈಗಷ್ಟೇ ಕಲಬುರಗಿಗೆ ಬಂದಿದ್ದೇನೆ. ಮಗಳಿಗೆ ಮೂರು ತಿಂಗಳು ತುಂಬಿದೆ, ಎದೆಹಾಲು ಮಾತ್ರ ಕುಡಿಯುತ್ತಾಳೆ. ಹೊರಗೆ 42 ಡಿಗ್ರಿ. ನಾಲ್ಕು ದಿನದಿಂದ ಕಕ್ಕ ಮಾಡಿಲ್ಲ. ರಾತ್ರಿಯೆಲ್ಲ ಅಳು. ಅತ್ತೆ ನೀರು ಕುಡಿಸು ಅಂತಾರೆ, ಪಕ್ಕದ ಮನೆಯವರು ಗುಟ್ಟಿ (ತೇಯ್ದ ನಾಟಿ ಮದ್ದು) ಹಾಕು ಅಂತಾರೆ. ಮೊಬೈಲ್ ನೋಡಿದರೆ ಇನ್ನೂ ಹೆದರಿಕೆ. ಮುಂದಿನ ವಾರ ಲಸಿಕೆ ಬೇರೆ ಇದೆ. ದೊಡ್ಡ ಉಪದೇಶ ಬೇಡ. ನಿಮ್ಮ ಮನೆಯಲ್ಲಿ ಏನಾಯಿತು, ಏನು ಮಾಡಿದಿರಿ, ಅಷ್ಟು ಹೇಳಿ. ನಗುವಂಥದ್ದಿದ್ದರೆ ಅದನ್ನೂ ಹೇಳಿ.

ಜೇವರ್ಗಿ ರಸ್ತೆಯಿಂದ, ಎರಡು ಮಕ್ಕಳ ತಾಯಿ

ಮೊದಲು ಕಕ್ಕದ ವಿಷಯ ಮುಗಿಸೋಣ ತಂಗಿ. ಬರೀ ಎದೆಹಾಲು ಕುಡಿಯುವ ಕೂಸು ಒಂದೂವರೆ ತಿಂಗಳು ದಾಟಿದ ಮೇಲೆ ನಾಲ್ಕೈದು ದಿನ, ಒಮ್ಮೊಮ್ಮೆ ವಾರದವರೆಗೂ ಹೋಗದೇ ಇರಬಹುದು. ಬಂದಾಗ ಮೆತ್ತಗೆ ಬಂದರೆ ಅದು ಮಲಬದ್ಧತೆ ಅಲ್ಲ. ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದಾಳಾ, ಹಾಲು ಚೆನ್ನಾಗಿ ಕುಡಿಯುತ್ತಾಳಾ, ತೂಕ ಏರುತ್ತಿದೆಯಾ, ಅದನ್ನು ನೋಡಿ. ಹೊಟ್ಟೆ ಉಬ್ಬಿ ಗಟ್ಟಿಯಾದರೆ, ಹಸಿರು ವಾಂತಿ ಆದರೆ, ರಕ್ತ ಕಂಡರೆ, ಹಾಲೇ ಬೇಡ ಅಂದರೆ ಮಾತ್ರ ಕಾಯಬೇಡಿ, ತಕ್ಷಣ ಡಾಕ್ಟರ್ ಹತ್ತಿರ ಹೋಗಿ. ವೀಳ್ಯದೆಲೆ ತೊಟ್ಟಿಗೆ ಎಣ್ಣೆ ಹಚ್ಚಿ ಇಡ್ತೀನಿ ಅಂತ ಯಾರಾದರೂ ಬಂದರೆ ಚಹಾ ಕೊಟ್ಟು ಕಳಿಸಿಬಿಡಿ. ಸೋಪಿನ ಚೂರೂ ಬೇಡ. ಒಳಗೆ ಗಾಯವಾಗುತ್ತದೆ.

ಈಗ ನಗುವ ಭಾಗ. ನಮ್ಮ ದೊಡ್ಡವನೂ ಹೀಗೇ ದಿನಗಟ್ಟಲೆ ಸತ್ಯಾಗ್ರಹ ಹೂಡಿದ್ದ. ಆಗಲೇ ಮನೆಯಲ್ಲಿ ಮದುವೆ ಬಂತು. ಕಲ್ಯಾಣ ಮಂಟಪದಲ್ಲಿ ನನ್ನ ನಾದಿನಿ ಹೊಸ ಇಳಕಲ್ ಸೀರೆ ಉಟ್ಟು, "ಕೂಸು ನನ್ನ ಕೈಯಾಗ ಇರ್ಲಿ, ಫೋಟೋಕ್ಕ ಚಂದ ಕಾಣ್ತದ" ಅಂತ ಎತ್ತಿಕೊಂಡಳು. ವಧುವರರ ಪಕ್ಕ ಎಲ್ಲರೂ ಸಾಲಾಗಿ ನಿಂತೆವು. ಫೋಟೋದವನು "ನಗ್ರಿ" ಅಂದ. ಕೂಸು ಮುಖ ಕೆಂಪಗೆ ಮಾಡಿತು. ಮುಂದಿನದು ಹೇಳಬೇಕಿಲ್ಲ ಅಲ್ವಾ? ಡೈಪರ್ ಹಾಕಿತ್ತು, ಅದು ತಡೆಯಲಿಲ್ಲ. ಆಲ್ಬಮ್ಮಿನಲ್ಲಿ ಆ ಫೋಟೋ ಇದೆ. ಕೂಸು ಮಾತ್ರ ನಗುತ್ತಿದೆ.

ಗಂಜ್ ಹತ್ತಿರದ ಒಬ್ಬ ಅಪ್ಪ

ನಮ್ಮ ಮಗನಿಗೆ ಲಾಲಿ ಹಾಡು ಬೇಡ, ಕೂಲರ್ ಸದ್ದು ಬೇಕು. ಆ ಹಳೇ ತಗಡಿನ ಕೂಲರ್ ಗರಗರ ಅನ್ನುತ್ತಿದ್ದರೆ ಗಡದ್ದಾಗಿ ಮಲಗುತ್ತಿದ್ದ. ಮಧ್ಯರಾತ್ರಿ ಕರೆಂಟ್ ಹೋಯಿತು ಅನ್ನಿ, ಸದ್ದು ನಿಂತ ಕೂಡಲೇ ಕಣ್ಣು ಬಿಟ್ಟು ರಾಗ ಶುರು. ಇನ್ವರ್ಟರ್ ಮೇಲೆ ಫ್ಯಾನ್ ಓಡುತ್ತದೆ, ಕೂಲರ್ ಓಡಲ್ಲ. ಹಾಗಾಗಿ ಕೂಲರ್ ಆಗುವ ಕೆಲಸ ನನ್ನ ಪಾಲಿಗೆ ಬಂತು. ಅವನನ್ನು ಎದೆಗೆ ಒರಗಿಸಿಕೊಂಡು, ಬಾಯಲ್ಲಿ "ಘೂಂ..." ಅನ್ನುತ್ತಾ ಮಾಳಿಗೆ ಮೇಲೆ ಸುತ್ತುತ್ತಿದ್ದೆ. ಪಕ್ಕದ ಮಾಳಿಗೆಯಲ್ಲಿ ಮಲಗಿದ್ದ ಕಾಕಾ ಒಂದು ರಾತ್ರಿ ಎದ್ದು ಕೂತು, "ಏನ್ರೀ, ಮೈಯಾಗ ದೆವ್ವ ಬಂದದೇನು?" ಅಂದರು. ವಿಷಯ ಹೇಳಿದೆ. ಮರುದಿನದಿಂದ ಅವರೂ ಒಂದು ಪಾಳಿ ತಗೊಂಡರು. ಅವರ ಘೂಂ ನನ್ನದಕ್ಕಿಂತ ಚೆನ್ನಾಗಿತ್ತು.

ಕೂಲರ್ ಗಾಳಿ ನೇರ ಕೂಸಿನ ಮುಖಕ್ಕೆ ಬಡಿಯದಂತೆ ತಿರುಗಿಸಿಡಿ. ಎದುರಿನ ಕಿಟಕಿ ತೆರೆದಿರಲಿ, ಇಲ್ಲಾಂದ್ರೆ ಕೋಣೆಯೆಲ್ಲ ಜಿಗಿಜಿಗಿ ಆಗಿ ಬೆವರುಗುಳ್ಳೆ ಇನ್ನೂ ಜಾಸ್ತಿ. ವಾರಕ್ಕೊಮ್ಮೆ ತೊಟ್ಟಿ ಪೂರ್ತಿ ಖಾಲಿ ಮಾಡಿ ಉಜ್ಜಿ ಒಣಗಿಸಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಅಂಥ ನೀರಿನಲ್ಲೇ.

ಅಳುವಿನ ಬಗ್ಗೆ ನಮ್ಮ ಡಾಕ್ಟರ್ ಹೇಳಿದ್ದು ನೆನಪಿದೆ. ಕಾರಣವಿಲ್ಲದ ಈ ಅಳು ಹುಟ್ಟಿದ ಎರಡು ಮೂರು ವಾರಕ್ಕೆ ಶುರುವಾಗಿ, ಆರನೇ ವಾರದ ಹೊತ್ತಿಗೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದಂತೆ. ನಮ್ಮಲ್ಲಿ ಹಾಗೇ ಆಯಿತು. ನಿಮ್ಮದು ಇಳಿಜಾರಿಗೆ ಬಂದಿದೆ ಅಂದುಕೊಳ್ಳಿ. ಒಂದು ಮಾತು ಗಂಡಸರಿಗೂ ಸೇರಿಸಿ ಹೇಳುತ್ತೇನೆ. ನಿದ್ದೆಗೆಟ್ಟ ರಾತ್ರಿ ಸಿಟ್ಟು ನೆತ್ತಿಗೇರುತ್ತದೆ, ಏರದವರು ಸುಳ್ಳು ಹೇಳುತ್ತಾರೆ. ಆಗ ಕೂಸನ್ನು ನೆಲದ ಹಾಸಿಗೆ ಮೇಲೆ ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ಹೋಗಿ. ಅತ್ತರೂ ಪರವಾಗಿಲ್ಲ. ಕೂಸನ್ನು ಜೋರಾಗಿ ಅಲುಗಾಡಿಸುವುದು ಮಾತ್ರ ಎಂದಿಗೂ ಬೇಡ, ಮೆದುಳಿಗೇ ಪೆಟ್ಟಾಗುತ್ತದೆ.

ಆಳಂದ ತಾಲ್ಲೂಕಿನಿಂದ, ಆಶಾ ಕಾರ್ಯಕರ್ತೆ

ಹೆರಿಗೆಯಾದ ಮನೆಗಳಿಗೆ 42 ದಿನದವರೆಗೆ ನಾವು ಆಗಾಗ ಹೋಗಿ ನೋಡುತ್ತೇವೆ. ಬೇಸಿಗೆ ಬಂದರೆ ಮನೆ ಮನೆಯಲ್ಲೂ ಇದೇ ಜಗಳ. "ನಮಗs ನೀರಡಿಕಿ ತಡಿಯಂಗಿಲ್ಲ, ಕೂಸಿನ ಗಂಟಲ ಒಣಗಂಗಿಲ್ಲೇನು?" ಅಂತ ಅಜ್ಜಿಯರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ನನ್ನ ಉತ್ತರ ಇಷ್ಟೇ: ಎದೆಹಾಲಿನಲ್ಲಿ 100ಕ್ಕೆ 87–88 ಪಾಲು ನೀರೇ ಇದೆ. ಕಲಬುರಗಿ ಬಿಸಿಲಿಗೂ ಅದು ಸಾಕು. ಆರು ತಿಂಗಳು ತುಂಬುವವರೆಗೆ ಮೇಲೆ ನೀರು ಬೇಡ. ಬಿಸಿಲು ಜಾಸ್ತಿ ಇದ್ದ ದಿನ ಇನ್ನೂ ಹೆಚ್ಚು ಸಲ ಹಾಲೂಡಿಸಿ. ಕೂಸಿನ ಪುಟ್ಟ ಹೊಟ್ಟೆಗೆ ನೀರು ತುಂಬಿದರೆ ಅದು ಹಾಲು ಕಡಿಮೆ ಕುಡಿಯುತ್ತದೆ, ಅದು ಕುಡಿದಷ್ಟೇ ನಿಮ್ಮಲ್ಲಿ ಹಾಲು ಬರುವುದು. ನೀರಿನ ಜೊತೆ ಬೇಧಿ ತರುವ ರೋಗಾಣು ಬೇರೆ ಒಳಗೆ ಹೋಗುತ್ತದೆ. ನೀರು ಬೇಕಿರುವುದು ಹಾಲೂಡಿಸುವ ನಿಮಗೆ. ಒಂದು ತಂಬಿಗೆ ಯಾವಾಗಲೂ ಪಕ್ಕದಲ್ಲಿರಲಿ.

ಜೇನುತುಪ್ಪ ಒಂದು ವರ್ಷದವರೆಗೆ ನಾಲಿಗೆಗೂ ಸವರಬೇಡಿ. ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಎಳೆ ಕೂಸಿನ ಕರುಳಿನಲ್ಲಿ ಬೆಳೆದು ವಿಷ ಬಿಡುತ್ತದೆ. ಗುಟ್ಟಿ, ಕಿವಿಗೆ ಎಣ್ಣೆ, ಕಣ್ಣೊಳಗೆ ಕಾಡಿಗೆ, ಮುಚ್ಚಿದ ಕೋಣೆಯಲ್ಲಿ ಲೋಬಾನದ ಹೊಗೆ, ಇವೂ ಬೇಡ. ದೃಷ್ಟಿಬೊಟ್ಟು ಅಂಗಾಲಿಗೆ ಇಟ್ಟರೆ ನನ್ನ ತಕರಾರಿಲ್ಲ.

ಆದರೆ ಅತ್ತೆಗೆ ಬರೀ "ಬೇಡ ಬೇಡ" ಅನ್ನುತ್ತಿದ್ದರೆ ಮನೆ ನಡೆಯಲ್ಲ. ನಾನು ಕಂಡಂತೆ, ಎಣ್ಣೆ ತಿಕ್ಕಿ ಎರೆಯುವ ಕೆಲಸ ಪೂರ್ತಿ ಅವರಿಗೇ ಬಿಟ್ಟ ಮನೆಯಲ್ಲಿ ನೀರಿನ ಜಗಳ ಕಡಿಮೆ. ಲಸಿಕೆಗೆ ಹೋಗುವಾಗಲೂ ಅವರನ್ನು ಕರೆದೊಯ್ಯಿರಿ, ಸಿಸ್ಟರ್ ಬಾಯಿಂದಲೇ ಕೇಳಲಿ. ಸೊಸೆ ಹೇಳಿದರೆ ಎದುರುತ್ತರ, ಸಿಸ್ಟರ್ ಹೇಳಿದರೆ ಬುದ್ಧಿಮಾತು.

ಸೇಡಂನಿಂದ

ನಮ್ಮ ಅತ್ತೆ ಸಿಸ್ಟರ್ ಮುಂದೆ ಹೂಂ ಅಂದು, ಮನೆಗೆ ಬಂದು ಮತ್ತೆ ಅದೇ ನೀರಿನ ಚಮಚ ತೆಗೆದರು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಸ್ವಲ್ಪ ಎದೆಹಾಲು ಹಿಂಡಿ ಬಟ್ಟಲಲ್ಲಿ ಕೊಟ್ಟೆ. ಚಮಚದಲ್ಲಿ ಅವರೇ ಕುಡಿಸಿದರು. "ನೋಡು, ಎಷ್ಟ್ ನೀರಡಿಸಿತ್ತು" ಅಂತ ನನಗೇ ಹೇಳಿದರು.

ಯಾದಗಿರಿಯಿಂದ, ಔಷಧಿ ಅಂಗಡಿಯಲ್ಲಿ ಕೆಲಸ, ಮಗಳಿಗೆ ಈಗ ಒಂದು ವರ್ಷ

ಮುಂದಿನ ವಾರದ್ದು 14ನೇ ವಾರದ ಲಸಿಕೆ ಇರಬೇಕು. ಪೋಲಿಯೋ ಹನಿ, ರೋಟಾ ಹನಿ, ಜೊತೆಗೆ ಚುಚ್ಚುಮದ್ದುಗಳು. ನಮ್ಮವಳು ಅರೆ ನಿಮಿಷ ಅತ್ತು ಹಾಲಿಗೆ ಬಾಯಿ ಹಾಕಿದಳು. ನಮ್ಮ ಯಜಮಾನರು ಹೊರಗಿನ ಬೆಂಚಿನ ಮೇಲೆ ಕಣ್ಣೊರೆಸಿಕೊಳ್ಳುತ್ತಿದ್ದರು. ಯಾರೋ ಹಿರಿಯರು "ಏನಾಯ್ತಪ್ಪಾ?" ಅಂತ ಗಾಬರಿಯಾಗಿ ನೀರು ತಂದುಕೊಟ್ಟರು.

ಜ್ವರದ ಔಷಧಿ ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ಪ್ಯಾರಾಸಿಟಮಾಲ್ ಹನಿಗಳ ಬಾಟಲಿಯಲ್ಲಿ ಸಾಮಾನ್ಯವಾಗಿ 1 ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನಲ್ಲಿ 5 ಎಂಎಲ್‌ಗೆ 120, 125 ಅಥವಾ 250. ಸಿರಪ್‌ನ ಅಳತೆಯಲ್ಲಿ ಹನಿ ಹಾಕಿದರೆ ಔಷಧಿ ಎಷ್ಟೋ ಪಟ್ಟು ಜಾಸ್ತಿ ಆಗುತ್ತದೆ. ಪಕ್ಕದ ಮನೆಯ ಬಾಟಲಿ ತಂದು ಅಂದಾಜಿಗೆ ಹಾಕುವುದು ಬೇಡ. ಯಾವ ಬಾಟಲಿ, ಎಷ್ಟು ಎಂಎಲ್, ಎಷ್ಟು ಗಂಟೆಗೊಮ್ಮೆ ಅಂತ ಕೂಸಿನ ತೂಕ ಹೇಳಿ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ.

ಒಂದು ಥರ್ಮಾಮೀಟರ್ ಮನೆಯಲ್ಲಿರಲಿ. ಈ ಬಿಸಿಲಿಗೆ ಕುಲಾವಿ, ಸ್ವೆಟರ್, ಮೇಲೆ ದುಪಟಿ ಹಾಕಿದರೆ ಯಾವ ಕೂಸಿನ ಮೈಯಾದರೂ ಸುಡುತ್ತದೆ. ಬಟ್ಟೆ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಜ್ವರ ನೋಡಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಫ್ಯಾರನ್‌ಹೀಟ್ ಬಂದರೆ ನೇರ ಆಸ್ಪತ್ರೆ. ದೊಡ್ಡ ಕೂಸಾದರೂ ಮಂಕಾಗಿದ್ದರೆ, ಹಾಲು ಬಿಟ್ಟರೆ ಕಾಯಬಾರದು.

ಬೀದರ್‌ನಿಂದ

ಭಯ ಅಂದ್ರೆ ಏನು ಅಂತ ನಾನು ರೈಲಿನಲ್ಲಿ ಕಲಿತೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಶುರುವಾದ ಮೇಲೆ ನನ್ನ ತವರಿಗೆ ಹೋಗೋದು ಸುಲಭವಾಯಿತು. ಕೂಸು ಅಳುತ್ತಿತ್ತು. ಎದುರಿಗೆ ಕೂತ ಖಾಲಾ "ಲಾವ್ ಬೇಟಾ" ಅಂತ ಎತ್ತಿಕೊಂಡರು. ಸುಮ್ಮನಾಯಿತು. ಅವರ ಪಕ್ಕದವರು ಇಸಿದುಕೊಂಡರು. ಆಮೇಲೆ ಮರಾಠಿ ಅಜ್ಜಿ, ಆಮೇಲೆ ಇನ್ಯಾರೋ. ಹುಮನಾಬಾದ್ ದಾಟುವಾಗ ನೋಡುತ್ತೇನೆ, ಕೂಸೇ ಇಲ್ಲ! ಎದೆ ಧಸಕ್ಕೆಂದಿತು. ಕೂಗುತ್ತಾ ಹೋದರೆ ಡಬ್ಬಿಯ ಆ ತುದಿಯಲ್ಲಿ ಕಾಲೇಜು ಹುಡುಗರ ನಡುವೆ ಕೂತು ಒಬ್ಬನ ಕನ್ನಡಕ ನೆಕ್ಕುತ್ತಿತ್ತು. ಈಗ ಯಾರಾದರೂ ಎತ್ತಿಕೊಂಡರೆ ನಾನೂ ಎದ್ದು ಅವರ ಪಕ್ಕದಲ್ಲೇ ಕೂರುತ್ತೇನೆ. ಪ್ರಯಾಣಕ್ಕೆ ಕೂಸಿನ ಬಟ್ಟೆ ಎಲ್ಲರೂ ಒಯ್ಯುತ್ತಾರೆ, ನಿಮಗೂ ಒಂದು ಜೊತೆ ಇರಲಿ.

ಶಹಾಬಾದ್‌ನಿಂದ

ಉಗುರು ನಿದ್ದೆಯಲ್ಲಿದ್ದಾಗ ತೆಗೆಯಿರಿ. ಇನ್ನು ಕೆಲವೇ ದಿನಕ್ಕೆ ಮಗಳು ಹೊರಳಲು ಶುರು ಮಾಡುತ್ತಾಳೆ. ನಿನ್ನೆವರೆಗೆ ಇಟ್ಟಲ್ಲೇ ಇರುತ್ತಿದ್ದ ಕೂಸು ಇವತ್ತು ಹೊರಸಿನ ಅಂಚಿಗೆ ಬಂದಿರುತ್ತದೆ. ನಾವು ಹೊರಸು, ಮಂಚ ಎರಡೂ ಬಿಟ್ಟು ನೆಲಕ್ಕೆ ಕೌದಿ ಹಾಸಿಬಿಟ್ಟೆವು. ಈಗ ಮನೆಮಂದಿಯೆಲ್ಲ ಅಲ್ಲೇ ಮಲಗುತ್ತೇವೆ, ನೆಲವೂ ತಂಪು. ಮಾವನವರಿಗೆ ಮಾತ್ರ ಎದ್ದೇಳುವಾಗ ಇಬ್ಬರು ಕೈ ಕೊಡಬೇಕು.