ವರ್ಡ್‌ನಲ್ಲಿ ಫಾರ್ಮ್ಯಾಟಿಂಗ್ ಕೋಡ್ ನೋಡೋದು ಹೇಗೆ? ಸ್ಟೈಲ್ ಒಂದೇ ಸಾಕಾ?

ಪ್ರಶ್ನೆ: ಚಾಮರಾಜಪೇಟೆಯ ಪ್ರೆಸ್‌ಗೆ ಕೊಡಬೇಕಾದ ಕನ್ನಡ ಪುಸ್ತಕ ವರ್ಡ್‌ನಲ್ಲಿದೆ. ಹೆಡಿಂಗ್ 1 ಸ್ಟೈಲ್‌ನ (ಶೀರ್ಷಿಕೆಗಳಿಗೆಲ್ಲ ಒಟ್ಟಿಗೆ ಅನ್ವಯಿಸುವ ಫಾರ್ಮ್ಯಾಟಿಂಗ್) ಸೈಜ್ 18ಕ್ಕೆ ಏರಿಸಿದರೂ ಕೆಲವು ಶೀರ್ಷಿಕೆಗಳು ಬದಲಾಗುತ್ತಿಲ್ಲ. ವರ್ಡ್‌ನಂಥದ್ದೇ ಇನ್ನೊಂದು ತಂತ್ರಾಂಶ ವರ್ಡ್‌ಪರ್ಫೆಕ್ಟ್‌ನಲ್ಲಿ ಆಲ್ಟ್ ಎಫ್3 ಒತ್ತಿದರೆ ಕೋಡ್‌ಗಳೆಲ್ಲ ಕಾಣುತ್ತವೆ. ಇಲ್ಲಿ ಅಂಥದ್ದು ಇದೆಯಾ?

ಉತ್ತರ 1: ಅದೇ ಥರದ್ದು ಇಲ್ಲ ಸರ್. ವರ್ಡ್‌ಪರ್ಫೆಕ್ಟ್‌ನಲ್ಲಿ ಕೋಡ್ ಅಕ್ಷರಗಳ ನಡುವೆಯೇ ಕೂತಿರುತ್ತೆ; ವರ್ಡ್‌ನಲ್ಲಿ ಪ್ಯಾರಾದ ಗುಣಗಳೆಲ್ಲ ಪ್ಯಾರಾ ಕೊನೆಯ ಗುರುತಿಗೆ ಅಂಟಿಕೊಂಡಿರುತ್ತವೆ. ಶಿಫ್ಟ್ ಎಫ್1 ಒತ್ತಿ, ತೆರೆಯುವ ಫಲಕದ ಕೆಳಗಿರುವ 'ಡಿಸ್ಟಿಂಗ್ವಿಶ್ ಸ್ಟೈಲ್ ಸೋರ್ಸ್' ಟಿಕ್ ಮಾಡಿ. ಯಾವುದು ಸ್ಟೈಲಿನಿಂದ ಬಂತು, ಯಾವುದು ಕೈಯಾರೆ ಹಾಕಿದ್ದು ಅಂತ ಬೇರೆಬೇರೆಯಾಗಿ ತೋರಿಸುತ್ತೆ. ಕೈಯಾರೆ ಹಾಕಿದ್ದು ಸ್ಟೈಲನ್ನು ಮೀರುತ್ತೆ, ಅದಕ್ಕೇ ಈ ತೊಂದರೆ. ಶೀರ್ಷಿಕೆ ಸೆಲೆಕ್ಟ್ ಮಾಡಿ ಕಂಟ್ರೋಲ್ ಸ್ಪೇಸ್ ಒತ್ತಿ, ಅಕ್ಷರಗಳಿಗೆ ಕೈಯಾರೆ ಹಾಕಿದ್ದು ಹೋಗುತ್ತೆ. ಅಂತರ, ಇಂಡೆಂಟ್ ಕೆಟ್ಟಿದ್ದರೆ ಕಂಟ್ರೋಲ್ ಕ್ಯೂ.

ಉತ್ತರ 2: ಹುಷಾರು! ಹಳೆಯ ನುಡಿ ಆಸ್ಕಿ ಫಾಂಟ್‌ನಲ್ಲಿ (ಇಂಗ್ಲಿಷ್ ಅಕ್ಷರಗಳ ಕೋಡ್‌ಗೇ ಕನ್ನಡದ ಆಕಾರ ಕೊಡುವ ಫಾಂಟ್) ಟೈಪ್ ಮಾಡಿದ ಭಾಗ ಇದ್ದರೆ ಕಂಟ್ರೋಲ್ ಸ್ಪೇಸ್ ಒತ್ತಲೇಬೇಡಿ. ಫಾಂಟ್ ಹೋದ ತಕ್ಷಣ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಮೊದಲು ಯೂನಿಕೋಡ್‌ಗೆ (ಕನ್ನಡ ಅಕ್ಷರಗಳಿಗೇ ಪ್ರತ್ಯೇಕ ಕೋಡ್ ಇರುವ ವ್ಯವಸ್ಥೆ) ಪರಿವರ್ತಿಸಿ. ಯೂನಿಕೋಡ್ ಆದಮೇಲೂ ಒಂದು ನೋಡಬೇಕು: ಸ್ಟೈಲಿನ ಫಾಂಟ್ ಡಯಲಾಗ್‌ನಲ್ಲಿ ಕನ್ನಡಕ್ಕೆ ಅನ್ವಯಿಸೋದು 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಕೆಳಗಿನ ಸೈಜ್. ಮೇಲಿನದನ್ನಷ್ಟೇ 18 ಮಾಡಿದರೆ ಇಂಗ್ಲಿಷ್ ಮಾತ್ರ ದೊಡ್ಡದಾಗುತ್ತೆ. ಬಹಳ ಜನ ಎಡವೋದು ಇಲ್ಲೇ.

ಉತ್ತರ 3: ವರ್ಡ್ ಬದಲು ಬಳಸಬಹುದಾದ ಉಚಿತ ತಂತ್ರಾಂಶ ಲಿಬ್ರೆಆಫೀಸ್ ಇದ್ದರೆ ಎಫ್11 ಒತ್ತಿ ಸ್ಟೈಲ್ಸ್ ಫಲಕ ತೆರೆಯಿರಿ. 7.6ನೇ ಆವೃತ್ತಿಯಿಂದ ಅಲ್ಲಿ ಸ್ಪಾಟ್‌ಲೈಟ್ ಇದೆ, ಯಾವ ಪ್ಯಾರಾಗೆ ಯಾವ ಸ್ಟೈಲ್ ಅಂತ ಬಣ್ಣದಲ್ಲೇ ಗೊತ್ತಾಗುತ್ತೆ. ಕೈಯಾರೆ ಹಾಕಿದ್ದನ್ನು ತೆಗೆಯಲು ಕಂಟ್ರೋಲ್ ಎಂ.